ಕಡ ತಂದ ಮೇಲುಹೊದಿಕೆ: ಪ್ರಾಚೀನ ರೋಮಿನ ಹಾಸ್ಯನಾಟಕ ಮತ್ತು ಅದರ ಸಮಾಜ

ರೋಮ್ ನಗರದ ಮೊದಲ ಕಲ್ಲಿನ ರಂಗಮಂದಿರವನ್ನು ಕಟ್ಟಿಸಿದವನು ಪಾಂಪೆ ಎಂಬ ಸೇನಾನಿ. ಅದು ತೆರೆದದ್ದು ಕ್ರಿ.ಪೂ. 55ರಲ್ಲಿ. ಆ ಹೊತ್ತಿಗೆ ಲ್ಯಾಟಿನ್ ಹಾಸ್ಯನಾಟಕದ ಇಬ್ಬರು ಮುಖ್ಯ ಕವಿಗಳಲ್ಲಿ ಒಬ್ಬನಾದ ಪ್ಲಾಟಸ್ ತೀರಿಕೊಂಡು ಸುಮಾರು 130 ವರ್ಷಗಳೂ ಇನ್ನೊಬ್ಬನಾದ ಟೆರೆನ್ಸ್ ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳೂ ಕಳೆದಿದ್ದವು. ಪ್ಲಾಟಸನ 20 ಮತ್ತು ಟೆರೆನ್ಸನ 6, ಹೀಗೆ ಬಹುಮಟ್ಟಿಗೆ ಪೂರ್ಣವಾಗಿ ಉಳಿದಿರುವ 26 ನಾಟಕಗಳೂ ಮೊದಲ ಸಲ ಆಡಲ್ಪಟ್ಟದ್ದು ಹಬ್ಬಕ್ಕೆಂದು ಎಬ್ಬಿಸಿ, ಹಬ್ಬ ಮುಗಿದೊಡನೆ ಬಿಚ್ಚಿಡುತ್ತಿದ್ದ ಮರದ ಅಟ್ಟಣೆಗಳ ಮೇಲೆ. ದಾರಿ, ಸೇತುವೆ, ಕಾಲುವೆಗಳನ್ನು ಶತಮಾನಗಳ ಬಾಳಿಕೆಗೆಂದು ಕಟ್ಟುತ್ತಿದ್ದ ಜನ ನಾಟಕಕ್ಕೆ ಮಾತ್ರ ಇಷ್ಟು ಕಾಲ ನೆಲೆ ಕೊಡದೆ ಉಳಿದದ್ದು ಹಣದ ಕೊರತೆಯಿಂದಲ್ಲ. ನಗೆಯನ್ನು ಮನಸಾರೆ ಬಯಸುತ್ತಲೇ ಅದನ್ನು ತನ್ನದೆಂದು ಒಪ್ಪಿಕೊಳ್ಳಲು ಹಿಂಜರಿದ ಸಮಾಜವೊಂದು ನಾಟಕದ ಕಾಲ, ಜಾಗ, ವೇಷ, ವೇಷಧಾರಿ ಎಲ್ಲವನ್ನೂ ತನ್ನಿಂದ ಒಂದು ಅಳತೆಯ ದೂರದಲ್ಲಿ ಇಟ್ಟುಕೊಂಡಿತು. ಆ ದೂರವೇ ಹಾಸ್ಯಕವಿಗೆ ಬೇರೆಲ್ಲೂ ಸಿಗದ ಸಲಿಗೆಯನ್ನು ಕೊಟ್ಟಿತು ಎಂಬುದು ಈ ರಂಗಭೂಮಿಯ ಚರಿತ್ರೆಯುದ್ದಕ್ಕೂ ಕಾಣುವ ಸಂಗತಿ.

ನಗಿಸುವ ಆಟಗಳು ಇಟಲಿಗೆ ಹೊಸವೇನಲ್ಲ. ಇತಿಹಾಸಕಾರ ಲಿವಿಯ ಪ್ರಕಾರ ಕ್ರಿ.ಪೂ. 364ರಲ್ಲಿ ರೋಮಿಗೆ ಮಾರಿ ಬಡಿದಾಗ ದೇವತೆಗಳನ್ನು ಶಾಂತಗೊಳಿಸಲೆಂದು ನೆರೆಯ ಎಟ್ರೂರಿಯದಿಂದ ಕುಣಿತದವರನ್ನು ಕರೆಸಲಾಯಿತು. ಅವರು ವಾದ್ಯದ ಗತ್ತಿಗೆ ಮಾತಿಲ್ಲದೆ ಕುಣಿದರೆ, ಅವರನ್ನು ಅನುಕರಿಸಹೊರಟ ರೋಮಿನ ಯುವಕರು ಕುಣಿತಕ್ಕೆ ಒಬ್ಬರನ್ನೊಬ್ಬರು ಹಂಗಿಸುವ ಪದ್ಯಗಳನ್ನು ಸೇರಿಸಿದರು. ದಕ್ಷಿಣದ ಕಂಪಾನಿಯ ಪ್ರಾಂತದ ಅಟೆಲ್ಲ ಎಂಬ ಊರಿನ ಹೆಸರು ಹೊತ್ತ ಅಟೆಲ್ಲಾನ ಪ್ರಹಸನವೂ ಬಳಕೆಯಲ್ಲಿತ್ತು. ಪೆದ್ದ ಮಾಕ್ಕುಸ್, ಬಾಯಿಬಡುಕ ಬುಕ್ಕೊ, ಅರಳುಮರಳಿನ ಮುದುಕ ಪಾಪ್ಪುಸ್, ಕುಯುಕ್ತಿಯ ದೊಸೆನ್ನುಸ್ ಎಂಬ ಗೊತ್ತಾದ ಮುಖವಾಡಗಳನ್ನು ತೊಟ್ಟು, ಎಳೆಯಷ್ಟು ಕಥೆ ಇಟ್ಟುಕೊಂಡು, ಮಾತನ್ನು ಆಡಾಡುತ್ತಲೇ ಹೊಂದಿಸುವ ಆಟ ಅದು. ಇವುಗಳ ಮೇಲೆ ಗ್ರೀಕ್ ಮಾದರಿಯ ಕಟ್ಟುನಿಟ್ಟಾದ ನಾಟಕ ಬಂದು ಕೂತದ್ದು ಕ್ರಿ.ಪೂ. 240ರಲ್ಲಿ. ಕಾರ್ಥೇಜಿನೊಡನೆ ನಡೆದ ಮೊದಲ ಪ್ಯೂನಿಕ್ ಯುದ್ಧ ಮುಗಿದ ಮರುವರ್ಷದ ಉತ್ಸವಕ್ಕೆ ಲಿವಿಯುಸ್ ಆಂಡ್ರೊನಿಕುಸ್ ಎಂಬವನು ಗ್ರೀಕ್ ನಾಟಕವನ್ನು ಲ್ಯಾಟಿನ್ನಿಗೆ ತಿರುಗಿಸಿ ಆಡಿಸಿದ. ಅವನು ದಕ್ಷಿಣ ಇಟಲಿಯ ಗ್ರೀಕ್ ನಗರವಾದ ಟಾರೆಂಟಮ್ಮಿನಿಂದ ಬಂದ, ದಾಸ್ಯದಿಂದ ಬಿಡುಗಡೆ ಪಡೆದ ವ್ಯಕ್ತಿ ಎಂದು ಪರಂಪರೆ ಹೇಳುತ್ತದೆ. ಲ್ಯಾಟಿನ್ ಸಾಹಿತ್ಯದ ಮೊದಲ ಹೆಸರೇ ಹೊರಗಿನವನದು ಎಂಬುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಹಾಸ್ಯರಂಗಭೂಮಿಯನ್ನು ಬೆಳೆಸಿದವರಲ್ಲಿ ರೋಮ್ ನಗರದಲ್ಲೇ ಹುಟ್ಟಿದವನನ್ನು ಹುಡುಕುವುದು ಕಷ್ಟ: ಪ್ಲಾಟಸ್ ಅಂಬ್ರಿಯದ ಸಾರ್ಸಿನದವನು, ಕೈಕಿಲಿಯುಸ್ ಸ್ಟಾಟಿಯುಸ್ ಉತ್ತರದ ಗಾಲ್ ಜನಾಂಗದಿಂದ ಬಂದ ಬಿಡುಗಡೆಯಾದ ಗುಲಾಮ, ಟೆರೆನ್ಸ್ ಕಾರ್ಥೇಜಿನಲ್ಲಿ ಹುಟ್ಟಿ ಒಬ್ಬ ಸೆನೆಟರನ ಮನೆಗೆ ಗುಲಾಮನಾಗಿ ಬಂದವನು.

ನಾಟಕ ನೋಡಬೇಕೆಂದರೆ ಹಬ್ಬಕ್ಕೆ ಕಾಯಬೇಕಿತ್ತು. ಸೆಪ್ಟೆಂಬರಿನಲ್ಲಿ ಜೂಪಿಟರ್ ದೇವನ ಹೆಸರಿನ ರೋಮನ್ ಉತ್ಸವ, ನವೆಂಬರಿನಲ್ಲಿ ಜನಸಾಮಾನ್ಯರ ಉತ್ಸವ, ಜುಲೈಯಲ್ಲಿ ಅಪೋಲೋ ಉತ್ಸವ, ಏಪ್ರಿಲ್‌ನಲ್ಲಿ ಏಷ್ಯಾ ಮೈನರಿನಿಂದ ತಂದು ಪ್ರತಿಷ್ಠಾಪಿಸಿದ ಮಹಾಮಾತೆಯ ಉತ್ಸವ, ಇವುಗಳ ಅಂಗವಾಗಿ ಗೊತ್ತಾದ ದಿನಗಳಲ್ಲಿ ಮಾತ್ರ ರಂಗಪ್ರದರ್ಶನ ನಡೆಯುತ್ತಿತ್ತು. ದೊಡ್ಡವರ ಶವಸಂಸ್ಕಾರದ ಗೌರವಾರ್ಥ, ಯುದ್ಧದ ವಿಜಯೋತ್ಸವಕ್ಕೆ, ದೇವಾಲಯದ ಪ್ರತಿಷ್ಠೆಗೆ ಆಡಿಸುವುದೂ ಇತ್ತು. ಹೆಚ್ಚಿನ ಉತ್ಸವಗಳ ಹೊಣೆ ಈಡೈಲ್ ಎಂಬ ನಗರಾಧಿಕಾರಿಗಳದು. ಖಜಾನೆಯಿಂದ ಬಂದ ಮೊತ್ತ ಸಾಲದಾದಾಗ ಕೈಯಿಂದಲೂ ಹಾಕಿ ಅವರು ಉತ್ಸವವನ್ನು ವಿಜೃಂಭಣೆಯಿಂದ ನಡೆಸುತ್ತಿದ್ದರು, ಏಕೆಂದರೆ ಮುಂದೆ ಪ್ರೇಟರ್, ಕಾನ್ಸಲ್ ಹುದ್ದೆಗಳಿಗೆ ಮತ ಕೇಳುವಾಗ ಅದು ಜನರ ನೆನಪಿನಲ್ಲಿರಬೇಕಿತ್ತು. ಪ್ರವೇಶ ಉಚಿತ. ಪೂಜಾವಿಧಿಯಲ್ಲಿ ಎಲ್ಲಾದರೂ ಲೋಪವಾದರೆ ಉತ್ಸವವನ್ನು ಮೊದಲಿನಿಂದ ಮತ್ತೆ ನಡೆಸಬೇಕೆಂಬ ಕಟ್ಟಳೆಯಿದ್ದುದರಿಂದ ಒಂದೇ ಹಬ್ಬ ಹಲವು ಸಲ ಪುನರಾವರ್ತನೆಯಾದ ಉದಾಹರಣೆಗಳು ಲಿವಿಯ ಬರಹದಲ್ಲಿ ಸಿಗುತ್ತವೆ. ಆ ಲೋಪಗಳೆಲ್ಲ ಕೇವಲ ಆಕಸ್ಮಿಕವೇ ಎಂಬ ಸಂಶಯ ಓದುಗನಿಗೆ ಬಂದರೆ ತಪ್ಪಿಲ್ಲ.

ಈ ಉತ್ಸವಗಳಲ್ಲಿ ಆಡುತ್ತಿದ್ದ ಹಾಸ್ಯನಾಟಕಕ್ಕೆ ಪಲ್ಲಿಯಾಟ ಎಂಬ ಹೆಸರು ಬಂದದ್ದು ಪಾತ್ರಗಳು ಹೊದೆಯುತ್ತಿದ್ದ ಪಲ್ಲಿಯುಮ್ ಎಂಬ ಗ್ರೀಕ್ ಮೇಲುಹೊದಿಕೆಯಿಂದ. ಕಥೆ ನಡೆಯುವುದು ಸಾಮಾನ್ಯವಾಗಿ ಅಥೆನ್ಸಿನ ಬೀದಿಯೊಂದರಲ್ಲಿ. ಹೆಸರುಗಳು ಗ್ರೀಕ್, ನಾಣ್ಯ ಗ್ರೀಕ್, ಕಥೆ ಕೂಡ ಮೆನಾಂಡರ್, ಡಿಫಿಲಸ್, ಫಿಲೆಮೋನ್ ಮೊದಲಾದವರು ಒಂದು ಶತಮಾನದ ಹಿಂದೆ ಬರೆದ ನಾಟಕಗಳಿಂದ ಎತ್ತಿದ್ದು. ರಂಗದ ಹಿಂಬದಿಯಲ್ಲಿ ಎರಡು ಮೂರು ಮನೆಬಾಗಿಲು, ಒಂದು ಬಲಿಪೀಠ, ಒಂದು ಕಡೆಯಿಂದ ಪೇಟೆಚೌಕಕ್ಕೂ ಇನ್ನೊಂದು ಕಡೆಯಿಂದ ಬಂದರಿಗೋ ಹೊಲಗದ್ದೆಗೋ ಹೋಗುವ ದಾರಿ. ಈ ಬೀದಿಯಲ್ಲಿ ಓಡಾಡುವವರೂ ಪ್ರೇಕ್ಷಕನಿಗೆ ಮೊದಲೇ ಪರಿಚಿತರು: ದುಡ್ಡು ಬಿಚ್ಚದ ಮುದಿ ತಂದೆ, ಪ್ರೇಮದಲ್ಲಿ ಬಿದ್ದು ಕೈಯಲ್ಲಿ ಕಾಸಿಲ್ಲದ ಮಗ, ಅವನ ಕೆಲಸ ಸಾಧಿಸಿಕೊಡುವ ಚತುರ ಗುಲಾಮ, ಹುಡುಗಿಯರನ್ನು ಸಾಕಿ ಮಾರುವ ತಲೆಹಿಡುಕ, ಬಡಾಯಿಕೋರ ಬಾಡಿಗೆ ಸಿಪಾಯಿ, ಉಳ್ಳವರ ಪಂಕ್ತಿಗೆ ಕಾದು ಕೂತ ಉಂಡಾಡಿ, ಕೈಚಳಕದ ಅಡುಗೆಯವ. ಆದರೆ ಈ ಅಥೆನ್ಸಿನಲ್ಲಿ ರೋಮಿನ ಅಧಿಕಾರಿಗಳು ಎದುರಾಗುತ್ತಾರೆ, ರೋಮಿನ ಕಾನೂನು ನಡೆಯುತ್ತದೆ. ಪ್ಲಾಟಸನ ‘ಕುರ್ಕುಲಿಯೊ’ದಲ್ಲಿ ಕಥೆ ನಡೆಯುವುದು ಗ್ರೀಸಿನ ಎಪಿಡೌರಸ್‌ನಲ್ಲಿ, ನಡುವೆ ವೇಷಭೂಷಣ ಒದಗಿಸುವವನು ರಂಗಕ್ಕೆ ಬಂದು, ರೋಮಿನ ಚೌಕದ ಯಾವ ಮೂಲೆಯಲ್ಲಿ ಸುಳ್ಳುಗಾರರು ಸಿಗುತ್ತಾರೆ, ಎಲ್ಲಿ ಬಡ್ಡಿ ವ್ಯಾಪಾರಿಗಳು, ಎಲ್ಲಿ ಹಣವುಳ್ಳ ಪೋಲಿಗಳು ಎಂದು ಒಂದೊಂದಾಗಿ ತೋರಿಸುತ್ತ ಹೋಗುತ್ತಾನೆ. ಪ್ರೇಕ್ಷಕ ನಗುತ್ತಿರುವುದು ಯಾರನ್ನು ನೋಡಿ ಎಂಬ ಪ್ರಶ್ನೆಗೆ ‘ಗ್ರೀಕರನ್ನು’ ಎಂಬ ಉತ್ತರ ಸದಾ ಸಿದ್ಧವಾಗಿರುತ್ತಿತ್ತು. ಆ ಉತ್ತರವನ್ನು ಯಾರೂ ನಂಬಬೇಕಿರಲಿಲ್ಲ, ಅದು ಇದ್ದರೆ ಸಾಕಿತ್ತು.

ಈ ಎಚ್ಚರಿಕೆಗೆ ಕಾರಣವಿತ್ತು. ಹನ್ನೆರಡು ಫಲಕಗಳೆಂಬ ರೋಮಿನ ಹಳೆಯ ಶಾಸನದಲ್ಲೇ ಮಾನಹಾನಿಯ ಹಾಡು ಕಟ್ಟುವವನಿಗೆ ಕಠಿಣ ಶಿಕ್ಷೆಯ ಮಾತಿತ್ತು. ಪ್ಲಾಟಸನಿಗಿಂತ ಹಿರಿಯನಾದ ನೇವಿಯುಸ್ ಎಂಬ ಕವಿ ಪ್ರಬಲವಾದ ಮೆಟೆಲ್ಲಸ್ ಮನೆತನವನ್ನು ಕುಟುಕಿ ಸೆರೆಮನೆ ಸೇರಿದನೆಂದು ಪ್ರತೀತಿ. ಪ್ಲಾಟಸನ ‘ಮೀಲೆಸ್ ಗ್ಲೋರಿಯೊಸುಸ್’ ಎಂಬ ಬಡಾಯಿ ಸಿಪಾಯಿಯ ನಾಟಕದಲ್ಲಿ ಕಾವಲಿನಲ್ಲಿ ಕೂತ ಕವಿಯೊಬ್ಬನ ಪ್ರಸ್ತಾಪ ಸುಳಿದುಹೋಗುತ್ತದೆ, ಅದು ನೇವಿಯುಸನನ್ನೇ ಕುರಿತದ್ದೆಂದು ವಿದ್ವಾಂಸರು ಬಗೆದಿದ್ದಾರೆ. ಪ್ಲಾಟಸ್ ತಾನಂತೂ ಬದುಕಿದ್ದ ರೋಮನ್ನರ ಹೆಸರು ಹಿಡಿದು ಗೇಲಿ ಮಾಡುವ ಸಾಹಸಕ್ಕೆ ಹೋಗಲಿಲ್ಲ.

ನಾಟಕವೆಂದರೆ ಬರಿಯ ಮಾತಲ್ಲ, ಅದರಲ್ಲಿ ಹೆಚ್ಚಿನ ಪಾಲು ಸಂಗೀತ. ವಾದ್ಯವಿಲ್ಲದೆ ಆಡುವ ಭಾಗಕ್ಕೆ ಡೆವರ್ಬಿಯುಮ್ ಎಂದೂ ವಾದ್ಯದೊಡನೆ ಹಾಡುವ ಅಥವಾ ರಾಗವಾಗಿ ಹೇಳುವ ಭಾಗಕ್ಕೆ ಕಾಂಟಿಕುಮ್ ಎಂದೂ ಹೆಸರು. ಕೆಲವು ಹಸ್ತಪ್ರತಿಗಳಲ್ಲಿ ದೃಶ್ಯಗಳ ತಲೆಯ ಮೇಲೆ ಈ ಎರಡರ ಸಂಕೇತಾಕ್ಷರಗಳು ಇಂದಿಗೂ ಉಳಿದಿವೆ. ವಾದ್ಯ ಟೀಬಿಯ, ಅಂದರೆ ನಾಗಸ್ವರದಂತೆ ಪೀಪಿಯಿಟ್ಟು ಊದುವ ಜೋಡಿ ಕೊಳವೆ. ಟೆರೆನ್ಸನ ನಾಟಕಗಳಿಗೆ ಸಂಗೀತ ಹೊಂದಿಸಿದವನ ಹೆಸರೂ ಉಳಿದಿದೆ: ಅವನು ಫ್ಲಾಕ್ಕುಸ್, ಕ್ಲಾಡಿಯುಸ್ ಎಂಬವನ ಗುಲಾಮ. ರಾಗ ಒಂದೂ ಉಳಿದಿಲ್ಲ.

ಪ್ಲಾಟಸನ ಬದುಕಿನ ಬಗ್ಗೆ ಹೇಳಲಾಗುವ ಕಥೆಗಳು ಅವನ ನಾಟಕಗಳಷ್ಟೇ ರಂಗುರಂಗಾಗಿವೆ. ರಂಗದ ಕೆಲಸದಲ್ಲಿ ಗಳಿಸಿದ್ದನ್ನು ವ್ಯಾಪಾರದಲ್ಲಿ ಕಳೆದುಕೊಂಡು ಹಿಟ್ಟಿನ ಗಿರಣಿಯಲ್ಲಿ ಬೀಸುಕಲ್ಲು ತಿರುಗಿಸುತ್ತ ಮೂರು ನಾಟಕ ಬರೆದನೆಂಬ ಕಥೆಯನ್ನು ನಂಬಲೇಬೇಕೆಂದಿಲ್ಲ. ಅವನ ಹೆಸರಿನ ನಡುವಣ ಮಾಕ್ಕಿಯುಸ್ ಎಂಬುದು ಅಟೆಲ್ಲಾನ ಪ್ರಹಸನದ ಪೆದ್ದನನ್ನು ನೆನಪಿಸುವುದರಿಂದ ಇಡೀ ಹೆಸರೇ ವೇಷದ ಹೆಸರಿರಬಹುದು. ಅವನ ಹೆಸರಿನಲ್ಲಿ ಸುಮಾರು 130 ನಾಟಕಗಳು ಓಡಾಡುತ್ತಿದ್ದವು, ಕ್ರಿ.ಪೂ. ಮೊದಲ ಶತಮಾನದ ವಿದ್ವಾಂಸ ವಾರ್ರೊ ಅವುಗಳಲ್ಲಿ 21ನ್ನು ನಿಸ್ಸಂದೇಹವಾಗಿ ಅವನವೆಂದು ಬೇರ್ಪಡಿಸಿದ. ಇನ್ನೊಬ್ಬರ ನಾಟಕಕ್ಕೆ ಈ ಹೆಸರು ಅಂಟಿಸಿದರೆ ಕೊಳ್ಳುವವರು ಸಿಗುತ್ತಿದ್ದರು ಎನ್ನುವುದೇ ಅವನ ಜನಪ್ರಿಯತೆಗೆ ಗಟ್ಟಿ ಸಾಕ್ಷಿ.

ಅವನ ನಾಟಕಗಳಲ್ಲಿ ‘ಸ್ಯುಡೊಲಸ್’ ಒಂದನ್ನು ಹತ್ತಿರದಿಂದ ನೋಡಬಹುದು. ಇದು ಆಡಲ್ಪಟ್ಟದ್ದು ಕ್ರಿ.ಪೂ. 191ರಲ್ಲಿ, ಪಾಲಟೈನ್ ಗುಡ್ಡದ ಮೇಲೆ ಮಹಾಮಾತೆಯ ದೇವಾಲಯ ಪ್ರತಿಷ್ಠೆಯಾದ ಸಂದರ್ಭದಲ್ಲಿ. ದೇಗುಲದ ಮುಂದಿನ ಮೆಟ್ಟಿಲುಗಳೇ ಆಸನಗಳಾಗಿದ್ದಿರಬೇಕು. ಕಲಿಡೊರಸ್ ಎಂಬ ಯುವಕ ಫೆನಿಕಿಯುಮ್ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳ ಒಡೆಯನಾದ ತಲೆಹಿಡುಕ ಬಲ್ಲಿಯೊ ಅವಳನ್ನು ಮ್ಯಾಸಿಡೋನಿಯದ ಸಿಪಾಯಿಯೊಬ್ಬನಿಗೆ 20 ಮಿನಾ ಬೆಲೆಗೆ ಮಾರಿಬಿಟ್ಟಿದ್ದಾನೆ, 15 ಮಿನಾ ಬಂದಾಗಿದೆ, ಉಳಿದ 5ನ್ನು ಗುರುತಿನ ಮುದ್ರೆಯೊಡನೆ ತರುವ ಆಳಿನ ಜೊತೆ ಅವಳನ್ನು ಕಳಿಸುವುದೆಂದು ಕರಾರು. ಕಲಿಡೊರಸನಿಗೆ ಸಾಲವೂ ಹುಟ್ಟುವುದಿಲ್ಲ, ಏಕೆಂದರೆ 25 ತುಂಬದವರೊಡನೆ ಮಾಡಿಕೊಂಡ ಮೋಸದ ವ್ಯವಹಾರಗಳಿಗೆ ತಡೆಯೊಡ್ಡಿದ ರೋಮಿನ ಕಾಯಿದೆಯಿಂದಾಗಿ ಅವನಿಗೆ ಕಡ ಕೊಡಲು ಎಲ್ಲರಿಗೂ ಭಯ. ಅಥೆನ್ಸಿನ ಹುಡುಗನಿಗೆ ರೋಮಿನ ಕಾಯಿದೆಯ ಕಾಟ ಹೇಗೆಂದು ಯಾರೂ ಕೇಳುವುದಿಲ್ಲ. ಈಗ ಮನೆಯ ಗುಲಾಮ ಸ್ಯುಡೊಲಸ್ ಮುಂದೆ ಬಂದು ಮುದಿ ಯಜಮಾನ ಸಿಮೊನ ಎದುರಿಗೇ, ಇವತ್ತು ನಿನ್ನ ಕೈಯಿಂದಲೇ 20 ಮಿನಾ ಕೀಳುತ್ತೇನೆ, ಆ ಹುಡುಗಿಯನ್ನೂ ತರುತ್ತೇನೆ ಎಂದು ಪಂಥ ಕಟ್ಟುತ್ತಾನೆ. ಉಪಾಯವೇನೆಂದು ಅವನಿಗೇ ಗೊತ್ತಿಲ್ಲ. ಎಲ್ಲೂ ಇಲ್ಲದ್ದನ್ನು ಇದೆಯೆನ್ನುವಂತೆ ಮಾಡುವ ಕವಿಯ ಕೆಲಸವೇ ತನ್ನದೂ ಎಂದು ಪ್ರೇಕ್ಷಕರಿಗೆ ಹೇಳಿಕೊಂಡು, ಸಿಪಾಯಿಯ ಆಳಿನಿಂದ ಮುದ್ರೆಯ ಕಾಗದವನ್ನು ಲಪಟಾಯಿಸಿ, ಇನ್ನೊಬ್ಬ ಗುಲಾಮನಿಗೆ ಆ ಆಳಿನ ವೇಷ ಹಾಕಿಸಿ ಹುಡುಗಿಯನ್ನು ಬಿಡಿಸಿಕೊಂಡು ಬರುತ್ತಾನೆ. ಕೊನೆಯಲ್ಲಿ ಹೂಮಾಲೆ ತೊಟ್ಟು ಕುಡಿದು ತೂರಾಡುವ ಗುಲಾಮನೆದುರು ಯಜಮಾನ ಪಂಥದ ಹಣದ ಚೀಲ ಹಿಡಿದು ನಿಲ್ಲಬೇಕಾಗುತ್ತದೆ. ಮುಪ್ಪಿನಲ್ಲಿ ಬರೆದ ಈ ನಾಟಕ ಪ್ಲಾಟಸನಿಗೆ ಬಹಳ ಸಂತೋಷ ಕೊಟ್ಟಿತ್ತೆಂದು ವಾಗ್ಮಿ ಸಿಸೆರೊ ಹೇಳಿದ್ದಾನೆ. ಓದಿದವರು ಅದನ್ನು ಸುಲಭವಾಗಿ ನಂಬುತ್ತಾರೆ.

ಇಂಥ ಕಥೆ ರೋಮಿನಲ್ಲಿ ಏಕೆ ಅಷ್ಟು ನಾಟಿತು ಎಂಬುದನ್ನು ತಿಳಿಯಲು ಕುಟುಂಬದ ಕಾನೂನನ್ನು ನೋಡಬೇಕು. ಪಟ್ರಿಯ ಪೊಟೆಸ್ಟಾಸ್ ಎಂಬ ಪಿತ್ರಧಿಕಾರದ ಪ್ರಕಾರ ತಂದೆ ಬದುಕಿರುವವರೆಗೆ ಮಗನಿಗೆ ಎಷ್ಟೇ ವಯಸ್ಸಾಗಿರಲಿ, ಅವನಿಗೆ ಮದುವೆಯಾಗಿ ಮಕ್ಕಳಿರಲಿ, ಅವನು ಅಧಿಕಾರದ ಹುದ್ದೆಯಲ್ಲೇ ಇರಲಿ, ತನ್ನದೆಂಬ ಆಸ್ತಿ ಅವನಿಗಿರಲಿಲ್ಲ. ಅವನು ಗಳಿಸಿದ್ದೂ ತಂದೆಯದೇ. ಅಥೆನ್ಸಿನಲ್ಲಿ ಮಗ ಪ್ರಾಯಕ್ಕೆ ಬಂದೊಡನೆ ಸ್ವತಂತ್ರ ಪ್ರಜೆಯಾಗುತ್ತಿದ್ದುದರಿಂದ ಮೆನಾಂಡರನ ನಾಟಕದ ತಂದೆಮಕ್ಕಳ ಜಗಳ ಸ್ವಭಾವಗಳ ಜಗಳವಾಗಿ ಉಳಿದರೆ, ಅದೇ ಕಥೆ ರೋಮಿಗೆ ಬಂದಾಗ ಅದಕ್ಕೆ ಅಧಿಕಾರದ ಬಿಗಿ ಬಂತು. ಆಸ್ತಿಯ ವಿಷಯದಲ್ಲಿ ಮಗನೂ ಗುಲಾಮನೂ ಒಂದೇ ಸಾಲಿನಲ್ಲಿ ನಿಂತವರು. ಇಬ್ಬರೂ ಕೂಡಿ ಮುದುಕನ ಚೀಲಕ್ಕೆ ಕೈಹಾಕುವ ಕಥೆ ಎಷ್ಟೋ ಮನೆಗಳ ಒಳಮಾತನ್ನು ಬೀದಿಗೆ ತಂದಂತಿತ್ತು. ಆದರೂ ಸಂಚಿನ ಪಾಪವನ್ನು ಗುಲಾಮನ ತಲೆಗೆ ಕಟ್ಟಿ, ಮಗನನ್ನು ಬರಿಯ ಪ್ರೇಮಪೀಡಿತನನ್ನಾಗಿ ತೋರಿಸುವ ಜಾಣತನ ನಾಟಕಕಾರನಿಗಿತ್ತು.

ಗುಲಾಮ ಗೆಲ್ಲುವ ಈ ನಾಟಕಗಳಲ್ಲಿ ಗುಲಾಮನಿಗೆ ಬೀಳುವ ಬೆದರಿಕೆಗಳಿಗೂ ಲೆಕ್ಕವಿಲ್ಲ. ಚಾವಟಿ, ಕಾಲ್ಕೋಳ, ಬೀಸುಕಲ್ಲಿನ ಗಿರಣಿ, ಶಿಲುಬೆ, ಇವುಗಳ ಮೇಲೆ ಕಟ್ಟಿದ ಹಾಸ್ಯ ಪುಟಪುಟದಲ್ಲೂ ಬರುತ್ತದೆ. ಬಡಾಯಿ ಸಿಪಾಯಿಯ ನಾಟಕದ ಸ್ಕೆಲೆಡ್ರಸ್ ಎಂಬ ಗುಲಾಮ, ತನ್ನ ಅಪ್ಪ ಅಜ್ಜ ಮುತ್ತಜ್ಜರೆಲ್ಲ ಶಿಲುಬೆಯಲ್ಲೇ ಮುಗಿದರು, ತನಗೂ ಅದೇ ಮನೆತನದ ಸಮಾಧಿ ಎಂಬರ್ಥದಲ್ಲಿ ಮಾತಾಡುತ್ತಾನೆ. ಗುಲಾಮನಿಗೆ ಕಾನೂನಿನಲ್ಲಿ ತಂದೆಯೇ ಇಲ್ಲವೆಂಬುದನ್ನು ನೆನೆದರೆ ಈ ಮಾತಿನ ಮೊನೆ ಇನ್ನಷ್ಟು ಚುಚ್ಚುತ್ತದೆ. ಇದೆಲ್ಲ ಕಾಲ್ಪನಿಕ ಭಯವಾಗಿರಲಿಲ್ಲ. ಅದು ಯುದ್ಧಗಳ ಕಾಲ; ಗೆದ್ದ ಊರುಗಳ ಜನ ಹಿಂಡುಹಿಂಡಾಗಿ ಮಾರಾಟಕ್ಕೆ ಬರುತ್ತಿದ್ದರು. ಕ್ರಿ.ಪೂ. 167ರಲ್ಲಿ ಎಮಿಲಿಯುಸ್ ಪಾವುಲ್ಲುಸನ ಸೇನೆ ಎಪೈರಸ್ ಪ್ರಾಂತ ಒಂದರಿಂದಲೇ 1,50,000 ಜನರನ್ನು ಸೆರೆಹಿಡಿದು ಮಾರಿತೆಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಇಂಥ ಹಾಸ್ಯದ ಬಗ್ಗೆ ವಿದ್ವಾಂಸ ಎರಿಕ್ ಸೀಗಲ್ 1968ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಹಬ್ಬದ ಒಂದು ದಿನ ಮೇಲು ಕೀಳುಗಳನ್ನು ತಲೆಕೆಳಗು ಮಾಡಿ ಮರುದಿನ ಎಲ್ಲವನ್ನೂ ಮೊದಲಿನಂತೆ ನಿಲ್ಲಿಸುವ ಬಿಡುವಿನ ನಗೆ ಇದೆಂದು ವಾದಿಸಿದರು. 2017ರಲ್ಲಿ ಏಮಿ ರಿಚ್ಲಿನ್ ಇದಕ್ಕೆ ಎದುರಾದ ನೋಟವನ್ನು ಮುಂದಿಟ್ಟರು: ನಟರಲ್ಲಿ ಹಲವರು ಗುಲಾಮರು ಇಲ್ಲವೆ ಬಿಡುಗಡೆ ಪಡೆದವರು, ಪ್ರೇಕ್ಷಕರಲ್ಲೂ ಅಂಥವರಿದ್ದರು, ಆದ್ದರಿಂದ ಈ ಹಾಸ್ಯದಲ್ಲಿ ಹೊಡೆತ ತಿಂದವರ ಸ್ವಂತ ದನಿಯಿದೆ. ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ ಎನಿಸುತ್ತದೆ. ಚಾವಟಿಯ ಏಟನ್ನು ಬಗೆಬಗೆಯಾಗಿ ಬಣ್ಣಿಸುವ ಆ ಮಾತುಗಳಲ್ಲಿ ಯಜಮಾನನ ಮೋಜಿಗಿಂತ ಪೆಟ್ಟು ತಿಂದವನ ಪರಿಣತಿ ಎದ್ದು ಕಾಣುತ್ತದೆ. ಆದರೆ ಗೆದ್ದ ಗುಲಾಮ ತನಗಾಗಿ ಸ್ವಾತಂತ್ರ್ಯ ಕೇಳುವುದು ಪ್ಲಾಟಸನಲ್ಲಿ ಅಪರೂಪ. ಕ್ಷಮೆ, ಮದ್ಯ, ಊಟ ಸಿಕ್ಕರೆ ನಾಟಕ ಮುಗಿಯುತ್ತದೆ.

ಪ್ಲಾಟಸ್ ಗ್ರೀಕ್ ಮೂಲವನ್ನು ಎಷ್ಟು ಬದಲಿಸಿದನೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಜರ್ಮನ್ ವಿದ್ವಾಂಸ ಎಡ್ವರ್ಡ್ ಫ್ರೆಂಕೆಲ್ 1922ರಲ್ಲಿ ಲ್ಯಾಟಿನ್ ಪಠ್ಯವನ್ನೇ ಜಾಲಾಡಿ, ಗುಲಾಮನ ಪಾತ್ರದ ಹಿಗ್ಗುವಿಕೆ, ಒಗಟಿನಂಥ ಮಾತು, ದೊಡ್ಡ ಹಾಡುಗಳು ಪ್ಲಾಟಸನ ಸ್ವಂತದ್ದೆಂದು ಗುರುತಿಸಿದರು. 1968ರಲ್ಲಿ ಎರಿಕ್ ಹ್ಯಾಂಡ್ಲಿ ಈಜಿಪ್ಟಿನ ಪಪೈರಸ್ ತುಣುಕುಗಳಿಂದ ಮೆನಾಂಡರನ ‘ಡಿಸ್ ಎಕ್ಸಪಟೋನ್’ ನಾಟಕದ ಕೆಲವು ಸಾಲುಗಳನ್ನು ಹೊರತಂದಾಗ, ಅದೇ ಕಥೆಯ ಪ್ಲಾಟಸನ ‘ಬಕ್ಕಿಡೆಸ್’ ನಾಟಕದೊಡನೆ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ತಂದೆಮಗನ ತಣ್ಣಗಿನ ಮಾತುಕತೆಯನ್ನು ರೋಮನ್ ಕವಿ ಕಿತ್ತುಹಾಕಿದ್ದ, ಅಂಕಗಳ ನಡುವಣ ವಿರಾಮವನ್ನು ತೆಗೆದು ಆಟವನ್ನು ಓಡಿಸಿದ್ದ, ಸ್ವಗತದ ನೋವಿಗೆ ತಮಾಷೆಯ ತಿರುವು ಕೊಟ್ಟಿದ್ದ. ಮೆನಾಂಡರನಲ್ಲಿ ಸೀರಸ್ ಎಂಬ ಸಾಧಾರಣ ಹೆಸರಿದ್ದ ಗುಲಾಮನಿಗೆ ಇಲ್ಲಿ ಬಂಗಾರದ ಅರ್ಥ ಬರುವ ಕ್ರಿಸಲಸ್ ಎಂಬ ಹೆಸರು. ಅವನು ಸೀರಸ್‌ನಂಥ ಚಿಲ್ಲರೆ ಗುಲಾಮರನ್ನು ತಾತ್ಸಾರ ಮಾಡುತ್ತಾನೆ ಕೂಡ. ಮೂಲ ನಾಟಕ ಬಲ್ಲ ನಾಲ್ಕು ಜನಕ್ಕೆಂದು ಇಟ್ಟ ಕುಚೇಷ್ಟೆ ಅದು.

ಪ್ರೇಕ್ಷಕರು ಯಾರೆಂಬುದಕ್ಕೆ ‘ಪೆನುಲುಸ್’ ನಾಟಕದ ಪ್ರಸ್ತಾವನೆಯಷ್ಟು ಜೀವಂತವಾದ ದಾಖಲೆ ಇನ್ನೊಂದಿಲ್ಲ. ಸೂತ್ರಧಾರ ಅಧಿಕಾರಿಯ ಠೀವಿಯಲ್ಲಿ ಅಪ್ಪಣೆ ಹೊರಡಿಸುತ್ತಾನೆ: ವಯಸ್ಸಾದ ವೇಶ್ಯೆಯರು ರಂಗದ ಮೇಲೆ ಬಂದು ಕೂರಕೂಡದು, ಮನೆಯಲ್ಲಿ ಮಲಗಿ ತಡವಾಗಿ ಬಂದವರು ನಿಂತೇ ನೋಡಬೇಕು, ಗುಲಾಮರು ಸ್ವತಂತ್ರರ ಜಾಗ ಹಿಡಿಯಬಾರದು, ದಾದಿಯರು ಹಸುಗೂಸುಗಳನ್ನು ಮನೆಯಲ್ಲೇ ಬಿಟ್ಟುಬರಬೇಕು, ಗೃಹಿಣಿಯರು ಸದ್ದಿಲ್ಲದೆ ನೋಡಿ ಸದ್ದಿಲ್ಲದೆ ನಗಬೇಕು. ಬೇಡವೆಂದು ಹೇಳಬೇಕಾಯಿತೆಂದರೆ ಅವರೆಲ್ಲ ಅಲ್ಲಿ ಇದ್ದರು ಎಂದೇ ಅರ್ಥ. ಕ್ರಿ.ಪೂ. 194ರಲ್ಲಿ ಸೆನೆಟರುಗಳಿಗೆ ಮುಂದಿನ ಸಾಲು ಮೀಸಲಾದಾಗ, ಅಲ್ಲಿಯವರೆಗೆ ಕಲೆತು ಕೂರುತ್ತಿದ್ದ ಜನರಲ್ಲಿ ಗೊಣಗಾಟವೆದ್ದಿತೆಂದು ಲಿವಿ ದಾಖಲಿಸಿದ್ದಾನೆ, ಕ್ರಿ.ಪೂ. 67ರಲ್ಲಿ ಕುದುರೆಸವಾರರೆಂದು ಕರೆಸಿಕೊಳ್ಳುತ್ತಿದ್ದ ಎರಡನೆಯ ಶ್ರೇಣಿಯ ಶ್ರೀಮಂತರಿಗೆ 14 ಸಾಲುಗಳು ದಕ್ಕಿದವು. ಇದೇ ನಾಟಕದಲ್ಲಿ, ಕಾರ್ಥೇಜಿನ ಸೇನಾನಿ ಹ್ಯಾನಿಬಾಲನೊಡನೆ ನಡೆದ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ, ಹಾನ್ನೊ ಎಂಬ ಕಾರ್ಥೇಜಿನ ಮುದುಕ ಕಳೆದುಹೋದ ಹೆಣ್ಣುಮಕ್ಕಳನ್ನು ಹುಡುಕುತ್ತ ಪ್ಯೂನಿಕ್ ಭಾಷೆ ಮಾತಾಡುತ್ತಲೇ ರಂಗಪ್ರವೇಶ ಮಾಡುತ್ತಾನೆ. ಒಬ್ಬ ಗುಲಾಮ ಆ ಭಾಷೆ ಬಲ್ಲವನಂತೆ ನಟಿಸಿ ಬಾಯಿಗೆ ಬಂದ ಅರ್ಥ ಹೇಳಿ ನಗಿಸುತ್ತಾನೆ. ಆದರೆ ನಾಟಕ ಮುಗಿಯುವಾಗ ಹಾನ್ನೊ ಧರ್ಮಭೀರುವಾದ ತಂದೆಯಾಗಿ, ಮಕ್ಕಳನ್ನು ಪಡೆದವನಾಗಿ ನಿಲ್ಲುತ್ತಾನೆ. ಶತ್ರುವಿನ ಭಾಷೆ ಅದರ ಅಳಿದುಳಿದ ಮಾತುಗಳೊಡನೆ ರೋಮಿನ ಹಾಸ್ಯನಾಟಕದಲ್ಲಿ ಉಳಿದುಬಂದದ್ದು ಚರಿತ್ರೆಯ ಒಂದು ವಿಚಿತ್ರ ಉಪಕಾರ.

ಟೆರೆನ್ಸನದು ಬೇರೆ ಹದ. ಅವನ ಆರು ನಾಟಕಗಳೂ ಕ್ರಿ.ಪೂ. 166ರಿಂದ 160ರ ನಡುವೆ ಆಡಲ್ಪಟ್ಟವು. ನುಡಿ ನಯವಾಯಿತು, ಹಾಡು ಕಡಿಮೆಯಾಯಿತು, ತಂದೆಯರಿಗೂ ಗಣಿಕೆಯರಿಗೂ ಮನಸ್ಸಿನ ಒಳತೋಟಿ ಬಂತು. ಸ್ಕಿಪಿಯೊ ಎಮಿಲಿಯಾನುಸನಂಥ ಕುಲೀನರೇ ಅವನ ನಾಟಕ ಬರೆದುಕೊಡುತ್ತಾರೆಂಬ ಗಾಳಿಮಾತಿಗೆ ಅವನು ಪ್ರಸ್ತಾವನೆಗಳಲ್ಲಿ ಉತ್ತರಿಸಬೇಕಾಯಿತು. ಅವನ ‘ಹೆಕಿರ’ ಅಂದರೆ ಅತ್ತೆಯ ಕಥೆ, ಕ್ರಿ.ಪೂ. 165ರಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ಹಗ್ಗದ ಮೇಲೆ ನಡೆಯುವವನೂ ಮುಷ್ಟಿಕಾಳಗದವರೂ ಬರುತ್ತಾರೆಂಬ ಗದ್ದಲದಲ್ಲಿ ನಿಂತುಹೋಯಿತು. 160ರಲ್ಲಿ, ಎಪೈರಸ್ ಸೂರೆಮಾಡಿದ ಅದೇ ಪಾವುಲ್ಲುಸನ ಅಂತ್ಯಕ್ರಿಯೆಯ ಉತ್ಸವದಲ್ಲಿ ಎರಡನೆಯ ಸಲ ಆಡುವಾಗ ಗ್ಲಾಡಿಯೇಟರರ ಸುದ್ದಿ ಹಬ್ಬಿ ಜನ ಜಾಗಕ್ಕೆ ಕಾದಾಡಿದರು. ಅದೇ ವರ್ಷ ಮೂರನೆಯ ಪ್ರಯತ್ನದಲ್ಲಿ, ಮುದಿ ನಟ ಹಾಗೂ ಮೇಳದ ಯಜಮಾನ ಅಂಬಿವಿಯುಸ್ ಟುರ್ಪಿಯೊ ಪ್ರೇಕ್ಷಕರನ್ನು ಬೇಡಿಕೊಂಡ ಮೇಲೆ ಪೂರ್ತಿಯಾಯಿತು. ಇದನ್ನು ರೋಮನ್ನರ ಒರಟು ಅಭಿರುಚಿಗೆ ಸಾಕ್ಷಿಯೆಂದು ಹೇಳುವುದು ವಾಡಿಕೆ. ಆದರೆ ನಾಟಕ ನೋಡಲು ಬಂದವರೇ ಎದ್ದುಹೋದರೆಂದು ಪ್ರಸ್ತಾವನೆ ಹೇಳುವುದಿಲ್ಲ. ಗೋಡೆಯೂ ಬಾಗಿಲೂ ಇಲ್ಲದ ಬಯಲಿನಲ್ಲಿ ಬೇರೆ ಆಟಕ್ಕೆ ಕಾದವರು ನುಗ್ಗಿದ್ದು ಅದು. ಇದೇ ಟೆರೆನ್ಸನ ‘ಯುನುಕುಸ್’ ಒಂದೇ ದಿನ ಎರಡು ಸಲ ಆಡಿ, ಅಲ್ಲಿಯವರೆಗೆ ಯಾವ ಹಾಸ್ಯನಾಟಕಕ್ಕೂ ಸಿಗದ 8,000 ಸೆಸ್ಟರ್ಸ್ ಸಂಭಾವನೆ ತಂದಿತ್ತು.

ನಾಟಕಕ್ಕೆ ಹೀಗೆ ಹಣ ಸುರಿದ ಸಮಾಜ ನಟನನ್ನು ಇನ್‌ಫಾಮಿಯ ಎಂಬ ಮಾನಹೀನತೆಯ ಸ್ಥಿತಿಯಲ್ಲಿ ಇರಿಸಿತ್ತು. ಕೂಲಿಗೆ ರಂಗವೇರಿದವನಿಗೆ ಸೈನ್ಯದಲ್ಲಿ ಸ್ಥಾನವಿಲ್ಲ, ಅಧಿಕಾರದ ಹುದ್ದೆಯಿಲ್ಲ, ಸಭ್ಯ ಪ್ರಜೆಗಳ ಸಾಲಿನಲ್ಲಿ ಎಣಿಕೆಯಿಲ್ಲ. ಅಧಿಕಾರಿಗಳು ನಟನನ್ನು ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಹೊಡೆಸಬಹುದೆಂಬ ಹಳೆಯ ಕಾನೂನಿತ್ತು. ಚಕ್ರವರ್ತಿ ಅಗಸ್ಟಸ್ ಅದನ್ನು ಉತ್ಸವ ಮತ್ತು ರಂಗಸ್ಥಳಕ್ಕೆ ಮಿತಗೊಳಿಸಿದ. ಅವನೇ ಸ್ಟೆಫಾನಿಯೊ ಎಂಬ ನಟ, ಹುಡುಗನಂತೆ ಕೂದಲು ಕತ್ತರಿಸಿಕೊಂಡ ಗೃಹಿಣಿಯೊಬ್ಬಳಿಂದ ಸೇವೆ ಮಾಡಿಸಿಕೊಳ್ಳುತ್ತಿದ್ದಾನೆಂದು ತಿಳಿದು, ಅವನನ್ನು ಮೂರು ರಂಗಮಂದಿರಗಳಲ್ಲಿ ಹೊಡೆಸಿ ಗಡೀಪಾರು ಮಾಡಿದ. ಇದಕ್ಕೆ ಅಪವಾದವಾಗಿ ನಿಲ್ಲುವ ಹೆಸರು ರೋಸ್ಕಿಯುಸ್. ‘ಸ್ಯುಡೊಲಸ್’ ನಾಟಕದ ತಲೆಹಿಡುಕ ಬಲ್ಲಿಯೊನ ಪಾತ್ರದಲ್ಲಿ ಹೆಸರು ಮಾಡಿದ ಈ ನಟನಿಗೆ ಸರ್ವಾಧಿಕಾರಿ ಸುಲ್ಲ ಕುದುರೆಸವಾರ ಶ್ರೇಣಿಯ ಚಿನ್ನದ ಉಂಗುರ ತೊಡಿಸಿದ. ಸಿಸೆರೊ ಅವನ ಪರ ನ್ಯಾಯಾಲಯದಲ್ಲಿ ವಾದಿಸಿದ. ಆ ಮೊಕದ್ದಮೆಯ ವಿಷಯ ಪನುರ್ಗುಸ್ ಎಂಬ ಗುಲಾಮ. ಅವನು ಫಾನ್ನಿಯುಸ್ ಎಂಬವನಿಗೂ ರೋಸ್ಕಿಯುಸನಿಗೂ ಪಾಲಿನ ಆಸ್ತಿ. ರೋಸ್ಕಿಯುಸ್ ಅವನಿಗೆ ನಟನೆ ಕಲಿಸಬೇಕು, ಸಂಪಾದನೆಯನ್ನು ಇಬ್ಬರೂ ಹಂಚಿಕೊಳ್ಳಬೇಕೆಂದು ಒಪ್ಪಂದವಾಗಿತ್ತು. ಮೂರನೆಯವನೊಬ್ಬ ಅವನನ್ನು ಕೊಂದಾಗ ಪರಿಹಾರದ ಹಣಕ್ಕಾಗಿ ಪಾಲುದಾರರು ಜಗಳಕ್ಕೆ ಬಿದ್ದರು. ಸಿಸೆರೊನ ವಾದದಲ್ಲಿ ಆ ಗುಲಾಮನ ದೇಹಕ್ಕೆ ಬೆಲೆ ಅತ್ಯಲ್ಪ, ರೋಸ್ಕಿಯುಸ್ ಕಲಿಸಿದ ವಿದ್ಯೆಗೆ ಬೆಲೆ ಒಂದು ಲಕ್ಷ ಸೆಸ್ಟರ್ಸ್‌ಗೂ ಮೇಲೆ. ಸತ್ತವನ ಬಗ್ಗೆ ಅವನು ಒಂದು ಮರುಕದ ಮಾತನ್ನೂ ಆಡುವುದಿಲ್ಲ.

ಶಾಶ್ವತ ರಂಗಮಂದಿರ ಕಟ್ಟುವ ಯತ್ನ ನಡೆಯದೇ ಇರಲಿಲ್ಲ. ಕ್ರಿ.ಪೂ. 154ರ ಸೆನ್ಸಾರ್ ಅಧಿಕಾರಿಗಳು ಕೆಲಸ ಆರಂಭಿಸಿದ್ದ ಮಂದಿರವನ್ನು, ಅದು ಜನರ ನಡತೆಗೆ ಹಾನಿಕರವೆಂಬ ಸ್ಕಿಪಿಯೊ ನಾಸಿಕನ ಮಾತಿಗೆ ಒಪ್ಪಿ ಸೆನೆಟ್ ಕೆಡವಿಸಿತು. ನಗರದ ಒಂದು ಮೈಲಿಯೊಳಗೆ ಕೂತು ಆಟ ನೋಡುವುದನ್ನೇ ನಿಷೇಧಿಸುವ ನಿರ್ಣಯವೂ ಬಂತು. ನೈತಿಕತೆಯ ಮಾತಿನ ಹಿಂದೆ, ಜನ ಒಂದೆಡೆ ಆರಾಮವಾಗಿ ಕೂತರೆ ಸಭೆಯಾಗುತ್ತದೆಂಬ ಭಯ ಇದ್ದಿರಬೇಕು. ಆ ಭಯ ನಿರಾಧಾರವೂ ಅಲ್ಲ. ಟೊಗಾಟ ಎಂಬುದು ಗ್ರೀಕ್ ಹೊದಿಕೆಯ ಬದಲು ರೋಮನ್ ಟೋಗಾ ಉಡುಪಿನ, ಇಟಲಿಯ ಊರುಗಳಲ್ಲಿ ಕಥೆ ನಡೆಯುವ ಇನ್ನೊಂದು ಬಗೆಯ ಹಾಸ್ಯನಾಟಕ. ಅದರಲ್ಲಿ ಗುಲಾಮ ಯಜಮಾನನಿಗಿಂತ ಬುದ್ಧಿವಂತನಾಗಿರಲು ಸಾಮಾನ್ಯವಾಗಿ ಅವಕಾಶವಿರಲಿಲ್ಲವೆಂದು ನಾಲ್ಕನೆಯ ಶತಮಾನದ ವ್ಯಾಖ್ಯಾನಕಾರ ಡೊನಾಟಸ್ ಹೇಳುತ್ತಾನೆ; ಕಡ ತಂದ ಹೊದಿಕೆ ಕಳಚಿದೊಡನೆ ಸಲಿಗೆಯೂ ಹೋಯಿತು ಎನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಡ. ಅಂಥ ಒಂದು ಟೊಗಾಟ, ಅಫ್ರಾನಿಯುಸನ ‘ಸಿಮುಲಾನ್ಸ್’, ಕ್ರಿ.ಪೂ. 57ರಲ್ಲಿ ನಡೆಯುವಾಗ ಇಡೀ ಮೇಳ ಒಟ್ಟಾಗಿ ಪ್ರೇಕ್ಷಕರ ನಡುವೆ ಕೂತಿದ್ದ ಕ್ಲೋಡಿಯುಸ್ ಎಂಬ ರಾಜಕಾರಣಿಯತ್ತ ತಿರುಗಿ ನಾಟಕದ ಬೈಗುಳವನ್ನು ಅವನಿಗೇ ಅನ್ವಯಿಸಿತು ಎಂದು ಅವನ ಕಡುವೈರಿ ಸಿಸೆರೊ ಸಂಭ್ರಮದಿಂದ ವರ್ಣಿಸಿದ್ದಾನೆ.

ಗಣರಾಜ್ಯದ ಕೊನೆಯ ದಿನಗಳಲ್ಲಿ ಜನರನ್ನು ಸೆಳೆದದ್ದು ಮೈಮ್. ಮುಖವಾಡವಿಲ್ಲದ, ಮೇಲುಹೊದಿಕೆಯೂ ಇಲ್ಲದ ಈ ಪ್ರಹಸನದಲ್ಲಿ ಹೆಣ್ಣಿನ ಪಾತ್ರವನ್ನು ಹೆಂಗಸರೇ ಆಡುತ್ತಿದ್ದರು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್, ಕುದುರೆಸವಾರ ಶ್ರೇಣಿಯವನೂ 60 ವರ್ಷದವನೂ ಆದ ಮೈಮ್ ಕವಿ ಲಬೆರಿಯುಸನನ್ನು 5,00,000 ಸೆಸ್ಟರ್ಸ್ ಕೊಟ್ಟು ಸ್ವತಃ ರಂಗವೇರಿ ಸ್ಪರ್ಧಿಸುವಂತೆ ಮಾಡಿದ. ಕೂಲಿಗೆ ಕುಣಿದರೆ ಶ್ರೇಣಿ ಹೋಗುತ್ತದೆ, ಸರ್ವಾಧಿಕಾರಿಗೆ ಒಲ್ಲೆನೆಂದರೆ ಬೇರೆ ಏನೋ ಹೋಗುತ್ತದೆ. ಲಬೆರಿಯುಸ್ ಹೊಡೆತ ತಿಂದ ಗುಲಾಮನ ವೇಷ ಹಾಕಿ ಬಂದು, ಬಹಳ ಜನರನ್ನು ಅಂಜಿಸುವವನು ಬಹಳ ಜನರಿಗೆ ಅಂಜಬೇಕಾಗುತ್ತದೆಂಬ ಅರ್ಥದ ಮಾತನ್ನು ಬೀಸಿದಾಗ ಸಭೆಯ ಕಣ್ಣೆಲ್ಲ ಸೀಸರನ ಮೇಲೆ ನೆಟ್ಟಿತಂತೆ. ಸ್ಪರ್ಧೆಯಲ್ಲಿ ಗೆದ್ದವನು ಹಿಂದೆ ಗುಲಾಮನಾಗಿದ್ದ ಪುಬ್ಲಿಲಿಯುಸ್ ಸೀರುಸ್. ಸೀಸರ್ ಲಬೆರಿಯುಸನಿಗೆ ಉಂಗುರವನ್ನೂ ಶ್ರೇಣಿಯನ್ನೂ ಮರಳಿಸಿದ. ಆದರೆ ಅವನು 14 ಸಾಲುಗಳಲ್ಲಿ ಜಾಗ ಹುಡುಕಿಕೊಂಡು ಹೋದರೆ ಯಾರೂ ಸರಿದು ಕೂರಲಿಲ್ಲ.

ಮೈಮ್ ರೋಮನ್ ಸಾಮ್ರಾಜ್ಯದ ಉದ್ದಗಲಕ್ಕೂ ಹಬ್ಬಿ, ಪೂರ್ವದಲ್ಲಿ ಗ್ರೀಕ್ ಭಾಷೆಯಲ್ಲಿ ಬೆಳೆಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದು 1903ರಲ್ಲಿ ಪ್ರಕಟಿಸಿದ ಪಪೈರಸ್ ಒಂದರಲ್ಲಿ ಅಂಥ ಆಟವಿದೆ. ಅದರ ನಾಯಕಿ ಕ್ಯಾರಿಟಿಯೊನ್ ಎಂಬ ಗ್ರೀಕ್ ಹೆಣ್ಣು, ಸ್ಥಳ ಭಾರತದ ಕಡಲತೀರ. ಚಂದ್ರದೇವತೆಯ ಗುಡಿಯಲ್ಲಿ ಸಿಕ್ಕಿಬಿದ್ದ ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣ ಹಡಗಿನಲ್ಲಿ ಬರುತ್ತಾನೆ. ನೀರು ಬೆರೆಸದ ಮದ್ಯ ಕುಡಿಸಿ ಸ್ಥಳೀಯ ರಾಜನನ್ನೂ ಪರಿವಾರವನ್ನೂ ಕೆಡವಿ ಎಲ್ಲರೂ ಪಾರಾಗುತ್ತಾರೆ. ಗುಡಿಯ ಕಾಣಿಕೆಯನ್ನೂ ಹೊತ್ತೊಯ್ಯೋಣವೆಂದ ವಿದೂಷಕನನ್ನು ಅವಳು ಗದರಿಸಿ ತಡೆಯುತ್ತಾಳೆ. ವಿದೂಷಕನ ಆಯುಧ ಅವನ ಹೂಸು. ಯೂರಿಪಿಡೀಸನ ಇಫಿಜಿನಿಯ ನಾಟಕದ ಗಂಭೀರ ಕಥೆಯನ್ನು ಹೀಗೆ ಅಣಕಿಸಿರುವುದು ಸ್ಪಷ್ಟ. ರಾಜ ಮತ್ತು ಅವನ ಕಡೆಯವರು ಆಡುವ ಗ್ರೀಕ್ ಅಲ್ಲದ ಮಾತುಗಳು ಕನ್ನಡವಿರಬಹುದೆಂದು ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಸೂಚಿಸಿದರು, ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು, ಬಿ. ಎ. ಸಾಲೆತೊರೆ ಅವರು ಕಥೆಯ ನೆಲೆಯನ್ನು ಉಡುಪಿ ಬಳಿಯ ಮಲ್ಪೆಯ ಕಡೆಗೆ ತಂದರು, ಅದು ತುಳುವೆಂದು ವಾದಿಸಿದವರೂ ಇದ್ದಾರೆ, ಬರಿಯ ಅರ್ಥವಿಲ್ಲದ ಸದ್ದೆಂದು ತಳ್ಳಿಹಾಕಿದವರೂ ಇದ್ದಾರೆ. ಅಕ್ಷರಗಳನ್ನು ಎಲ್ಲಿ ಬಿಡಿಸಬೇಕೆಂಬುದೇ ನಿಶ್ಚಯವಿಲ್ಲದ ಸಾಲುಗಳಿಂದ ಒಂದು ಭಾಷೆಯ ಪ್ರಾಚೀನತೆಯನ್ನು ಸಾಧಿಸಹೊರಡುವುದು ಹೆಚ್ಚಿನ ಧೈರ್ಯ. ಪಶ್ಚಿಮ ಕರಾವಳಿಯ ಬಂದರುಗಳಿಗೂ ಈಜಿಪ್ಟಿಗೂ ಆಗ ಬಿರುಸಿನ ಮೆಣಸಿನ ವ್ಯಾಪಾರವಿದ್ದುದರಿಂದ ನಾವಿಕರ ಬಾಯಿಂದ ಕೆಲವು ನಿಜವಾದ ಮಾತುಗಳು ಅಲ್ಲಿಗೆ ತಲುಪಿದ್ದರೆ ಆಶ್ಚರ್ಯವೂ ಇಲ್ಲ. ಆಕ್ಸಿರಿಂಕಸ್ಸಿನ ಪ್ರೇಕ್ಷಕನಿಗೆ ಅವು ಪರದೇಶದವರ ಬಾಯಿಂದ ಬಂದಂತೆ ಕೇಳಿಸಿದರೆ ಸಾಕಿತ್ತು. ಎಲ್ಲೆಲ್ಲಿ ಡೋಲು ಬಾರಿಸಬೇಕೆಂಬ ಗುರುತುಗಳನ್ನು ಆ ಹಾಳೆಯಲ್ಲಿ ಹಾಕಲಾಗಿದೆ. ಅದರ ಹಿಂಬದಿಯಲ್ಲಿ ಇದೇ ಆಟದ ಒಂದು ಭಾಗವನ್ನು ತಿದ್ದಿ ಬರೆಯಲಾಗಿದೆ, ಜೊತೆಗೆ ಗುಲಾಮನ ಮೇಲೆ ಕಣ್ಣಿಟ್ಟ ಯಜಮಾನತಿಯೊಬ್ಬಳ ಇನ್ನೊಂದು ಮೈಮ್ ಕೂಡ ಇದೆ. ಆದ್ದರಿಂದ ಅದು ಗ್ರಂಥಾಲಯಕ್ಕೆಂದು ಮಾಡಿದ ಪ್ರತಿಯಲ್ಲ, ಆಟವಾಡುತ್ತಿದ್ದ ಒಂದು ಮೇಳದ ಕೈಬಳಕೆಯ ಪ್ರತಿಯಾಗಿರಬೇಕು.